ಗೀಟಿನ ಸರದಿ: ಕಣ್ಣಿಗೆ ಕಾಣದ ನಿಯಮಕ್ಕೆ ಇಷ್ಟು ಹಟ ಯಾಕೆ?

ಕಾಗದದ ಮೇಲೆ ಒಂದು ಚೌಕ ಬರೆಯಿರಿ. ನಮ್ಮಲ್ಲಿ ಹೆಚ್ಚಿನವರು ನಾಲ್ಕು ಬದಿಗೆ ನಾಲ್ಕು ಗೆರೆ ಎಳೆಯುತ್ತಾರೆ. ಕೆಲವರು ಪೆನ್ನು ಎತ್ತದೆ ಒಂದೇ ಸುತ್ತಿನಲ್ಲಿ ಮುಗಿಸುತ್ತಾರೆ. ಚೀನೀ ಬರವಣಿಗೆಯಲ್ಲಿ ಈ ಚೌಕವೆಂದರೆ ‘ಬಾಯಿ’. ಅಲ್ಲಿನ ಒಂದನೇ ತರಗತಿಯ ಮಗು ಅದನ್ನು ಮೂರೇ ಗೀಟಿನಲ್ಲಿ ಬರೆಯುತ್ತದೆ. ಮೊದಲು ಎಡಬದಿ, ಮೇಲಿನಿಂದ ಕೆಳಕ್ಕೆ. ಆಮೇಲೆ ಮೇಲಿನ ಅಡ್ಡಗೆರೆ. ಬಲಮೂಲೆ ತಲುಪಿದ ಮೇಲೂ ಕೈ ಎತ್ತದೆ ಅಲ್ಲೇ ತಿರುಗಿಸಿ ಕೆಳಗಿಳಿಸಬೇಕು, ಅಷ್ಟೂ ಸೇರಿ ಒಂದೇ ಗೀಟು. ಕೊನೆಗೆ ತಳದ ಗೆರೆ. ಬೇರೆ ರೀತಿ ಬರೆದರೆ ಟೀಚರ್ ಒಪ್ಪುವುದಿಲ್ಲ.

ಬರೆದು ಮುಗಿದ ಮೇಲೆ ನಮ್ಮದೂ ಚೌಕ, ಆ ಮಗುವಿನದೂ ಚೌಕ. ಯಾವ ಗೆರೆ ಮೊದಲು ಬಿತ್ತು ಎಂದು ಹೇಳಲು ಕಾಗದದ ಮೇಲೆ ಸಾಕ್ಷಿಯೇ ಇರುವುದಿಲ್ಲ. ಹಾಗಿದ್ದೂ ಚೀನಾ, ತೈವಾನ್, ಜಪಾನ್ ಮೂರೂ ಕಡೆ ಶಿಕ್ಷಣ ಇಲಾಖೆಗಳು ಈ ಸರದಿಯ ಬಗ್ಗೆ ಪುಸ್ತಕಗಳನ್ನೇ ಪ್ರಕಟಿಸಿವೆ. ಚೀನೀ ಭಾಷೆಗೆ, ಅಥವಾ ಅದೇ ಅಕ್ಷರಗಳನ್ನು ಎರವಲು ಪಡೆದ ಜಪಾನಿಗೆ, ಹೊಸದಾಗಿ ಕೈಹಾಕಿದವರಿಗೆ ಮೊದಲ ವಾರದಲ್ಲೇ ಕಿರಿಕಿರಿ ಎನಿಸುವುದು ಇದೇ. ಬೆಂಗಳೂರಿನಲ್ಲಿ ಜಪಾನೀ ಕಲಿಯುವವರು ಕಡಿಮೆಯೇನಿಲ್ಲ. ಅವರು ಕೂರುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಕೈಯಿಂದ ಅಕ್ಷರ ಬರೆಯುವ ಪ್ರಶ್ನೆಯೇ ಇಲ್ಲ, ಕೊಟ್ಟ ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಸಾಕು. ಬರೆಯುವುದೇ ಬೇಡವೆಂದ ಮೇಲೆ ಬರೆಯುವ ಸರದಿ ಯಾಕೆ ಎಂದು ಅವರು ಕೇಳಿದರೆ ಅದು ಸೋಮಾರಿತನದ ಪ್ರಶ್ನೆಯಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಧಾನವಾಗಿ, ಅಂದವಾಗಿ ಬರೆದಾಗ ಸರದಿ ಯಾರಿಗೂ ಕಾಣುವುದಿಲ್ಲ. ಅವಸರದಲ್ಲಿ ಬರೆದಾಗ, ನಿಘಂಟಿನಲ್ಲಿ ಹುಡುಕುವಾಗ, ಹೆಸರುಗಳನ್ನು ಸಾಲಾಗಿ ನಿಲ್ಲಿಸುವಾಗ ಅದು ಎದ್ದು ಕಾಣುತ್ತದೆ. ಕಲಿಯುವುದು ಅದಕ್ಕಾಗಿ. ಅದರಾಚೆಗೆ ಸರದಿಯಲ್ಲಿ ಪವಿತ್ರವಾದದ್ದೇನೂ ಇಲ್ಲ.

ಮೊದಲು ನಿಯಮಗಳು. ಅವು ಹೆಚ್ಚಿಲ್ಲ. ಮೇಲಿನದು ಮೊದಲು, ಕೆಳಗಿನದು ಆಮೇಲೆ: ಒಂದರ ಕೆಳಗೊಂದು ಮೂರು ಅಡ್ಡಗೀಟು ಎಳೆದರೆ ‘ಮೂರು’ ಎಂಬ ಅಕ್ಷರ, ಅದನ್ನು ಮೇಲಿನಿಂದಲೇ ಶುರುಮಾಡಬೇಕು. ಎಡದ್ದು ಮೊದಲು, ಬಲದ್ದು ಆಮೇಲೆ. ಅಡ್ಡ ಮತ್ತು ಉದ್ದ ಒಂದನ್ನೊಂದು ಕತ್ತರಿಸುವಲ್ಲಿ ಅಡ್ಡ ಮೊದಲು: ಕೂಡುವ ಚಿಹ್ನೆಯಂತಿರುವ ‘ಹತ್ತು’ ಇದಕ್ಕೆ ಉದಾಹರಣೆ. ಎರಡು ಓರೆಗೀಟು ಸೇರುವಲ್ಲಿ ಎಡಕ್ಕೆ ಇಳಿಯುವುದು ಮೊದಲು, ಬಲಕ್ಕೆ ಇಳಿಯುವುದು ನಂತರ. ‘ಮನುಷ್ಯ’ ಎಂಬ ಅಕ್ಷರ ಹೀಗೆ ಎರಡೇ ಗೀಟಿನದು. ಹೊರಗೆ ಪೆಟ್ಟಿಗೆ, ಒಳಗೆ ಇನ್ನೇನಾದರೂ ಇದ್ದರೆ ಪೆಟ್ಟಿಗೆಯ ಎಡ, ಮೇಲು, ಬಲ ಬರೆದು, ಒಳಗಿನದನ್ನು ತುಂಬಿ, ತಳವನ್ನು ಕೊನೆಗೆ ಮುಚ್ಚಬೇಕು. ಒಳಗೆ ಹೋಗುವವರೆಲ್ಲ ಹೋದ ಮೇಲೆ ಬಾಗಿಲು ಹಾಕು ಎಂದು ಚೀನೀ ಟೀಚರುಗಳು ಮಕ್ಕಳಿಗೆ ಇದನ್ನು ನೆನಪಿಸುತ್ತಾರೆ. ಎಂಟು ಗೀಟಿನ ‘ದೇಶ’ ಎಂಬ ಅಕ್ಷರದಲ್ಲಿ ಎಂಟನೆಯದು ಈ ಬಾಗಿಲು.

ಇಲ್ಲಿಯವರೆಗೆ ಎಲ್ಲವೂ ಸಲೀಸು. ತೊಡಕು ಶುರುವಾಗುವುದು ನಿಯಮಗಳು ಒಂದಕ್ಕೊಂದು ಎದುರಾದಾಗ. ‘ಚಿಕ್ಕ’ ಎಂಬ ಅಕ್ಷರದಲ್ಲಿ ನಡುವೆ ಒಂದು ಉದ್ದಗೀಟು, ಅಕ್ಕಪಕ್ಕದಲ್ಲಿ ಎರಡು ಸಣ್ಣ ಗೀಟು. ಅಲ್ಲಿ ನಡುವಿನದೇ ಮೊದಲು. ‘ಬೆಂಕಿ’ಯ ರಚನೆಯೂ ಮೇಲ್ನೋಟಕ್ಕೆ ಹಾಗೆಯೇ. ನಡುವೆ ‘ಮನುಷ್ಯ’, ಎರಡು ಭುಜದ ಮೇಲೆ ಎರಡು ಕಿಡಿ. ಆದರೆ ಅಲ್ಲಿ ಕಿಡಿಗಳೆರಡೂ ಮೊದಲು, ಮನುಷ್ಯ ಆಮೇಲೆ. ನಡೆಯುವುದಕ್ಕೆ ಸಂಬಂಧಿಸಿದ ಅಕ್ಷರಗಳ ಎಡಬದಿಯಿಂದ ತಳದವರೆಗೆ ದೋಣಿಯ ಹಾಗೆ ಚಾಚಿಕೊಳ್ಳುವ ಒಂದು ಭಾಗವಿದೆ. ಎಡದ್ದು ಮೊದಲು ಎಂಬ ನಿಯಮ ನಂಬಿದವರು ಅದನ್ನೇ ಮೊದಲು ಬರೆದುಬಿಡುತ್ತಾರೆ. ಅದು ಬರಬೇಕಾದ್ದು ಎಲ್ಲದರ ಕೊನೆಗೆ. ‘ನಾಯಿ’ ಎಂಬ ಅಕ್ಷರದ ಮೇಲಿನ ಬಲಮೂಲೆಯ ಚುಕ್ಕಿ ಮೇಲಿದ್ದರೂ ಕೊನೆಯದು. ಇವಕ್ಕೆಲ್ಲ ಕಾರಣ ಕೇಳಿದರೆ ತರ್ಕದಲ್ಲಿ ಉತ್ತರ ಸಿಗುವುದಿಲ್ಲ, ಕೈಯಲ್ಲಿ ಸಿಗುತ್ತದೆ.

ಕೈಯಲ್ಲಿ ಎಂದರೆ ಕುಂಚ ಹಿಡಿದ ಬಲಗೈಯಲ್ಲಿ. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಬರೆದದ್ದು ಕುಂಚದಿಂದ, ಹಸಿ ಮಸಿಯಲ್ಲಿ, ಮೇಲಿನಿಂದ ಕೆಳಕ್ಕೆ ಇಳಿಯುವ ಸಾಲುಗಳಲ್ಲಿ. ಬರೆದದ್ದರ ಮೇಲೆ ಕೈ ಒರೆಸಬಾರದು, ಮುಂದೆ ಬರೆಯಬೇಕಾದ ಜಾಗ ಕಣ್ಣಿಗೆ ಮರೆಯಾಗಬಾರದು. ಒಂದು ಅಕ್ಷರ ಮುಗಿಯುವಾಗ ಕುಂಚ ಆದಷ್ಟು ಕೆಳಗೆ, ಮುಂದಿನ ಅಕ್ಷರದ ಹತ್ತಿರ ಇರಬೇಕು. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಎಂಬುದು ಈ ಅನುಕೂಲದಿಂದಲೇ ಹುಟ್ಟಿದ ರೂಢಿ. ನಿಯಮಪುಸ್ತಕಗಳು ಬಂದದ್ದು ಎಷ್ಟೋ ಕಾಲದ ನಂತರ. ಓಲೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದು ನಮ್ಮ ಅಕ್ಷರಗಳು ದುಂಡಗಾದವು ಎನ್ನುವ ಮಾತಿದೆಯಲ್ಲ, ಸಲಕರಣೆ ಲಿಪಿಯನ್ನು ತಿದ್ದುವ ಕೆಲಸ ಅಲ್ಲೂ ನಡೆದಿದೆ. ಆದರೆ ಕನ್ನಡದ ಅಕ್ಷರ ಬಹುಪಾಲು ಒಂದೇ ಎಳೆಯಲ್ಲಿ ಸುತ್ತಿ ಬರುತ್ತದೆ. ಎಲ್ಲಿ ಶುರುಮಾಡಬೇಕೆಂದು ಗೊತ್ತಾದರೆ ಉಳಿದದ್ದು ತಾನಾಗಿ ಬರುತ್ತದೆ. ಏಳೆಂಟು ಬಿಡಿ ಗೀಟುಗಳನ್ನು ಜೋಡಿಸುವ ಲಿಪಿಯಲ್ಲಿ ಆ ಸೌಕರ್ಯವಿಲ್ಲ.

ಸರದಿಯ ನಿಜವಾದ ಬೆಲೆ ತಿಳಿಯುವುದು ಕೈ ಓಡಲು ಶುರುಮಾಡಿದಾಗ. ಬಿಡಿಬಿಡಿಯಾಗಿ ಬರೆದ ಅಚ್ಚುಕಟ್ಟು ಬರಹವನ್ನು ಯಾರೂ ದಿನವಿಡೀ ಬರೆಯುವುದಿಲ್ಲ. ಪತ್ರ, ಲೆಕ್ಕ, ಚೀಟಿ ಎಲ್ಲ ಓಟಬರಹವೇ. ಓಟಬರಹದಲ್ಲಿ ಕುಂಚ ಒಂದು ಗೀಟು ಮುಗಿಸಿ ಮುಂದಿನದಕ್ಕೆ ಹೋಗುವಾಗ ಪೂರ್ತಿ ಮೇಲೇಳುವುದಿಲ್ಲ. ನೂಲಿನಂಥ ಎಳೆಯೊಂದನ್ನು ಕಾಗದದ ಮೇಲೆ ಬಿಟ್ಟು ಹೋಗುತ್ತದೆ. ಇನ್ನೂ ವೇಗವಾದರೆ ಗೀಟುಗಳೇ ಕರಗಿ ಆ ಎಳೆಗಳಷ್ಟೇ ಉಳಿಯುತ್ತವೆ. ಮೇಲೆ ಹೇಳಿದ ‘ಬಾಯಿ’ಯನ್ನೇ ನೋಡಿ: ಎರಡನೆಯ ಮತ್ತು ಮೂರನೆಯ ಗೀಟು ಕೂಡಿಕೊಂಡು 2 ಅಂಕೆಯ ಹಾಗಾಗುತ್ತದೆ. ಎಡಕ್ಕೆ ಒಂದು ಗೆರೆ, ಪಕ್ಕದಲ್ಲಿ 2, ಅಷ್ಟೇ. ಚೌಕವೇ ಇಲ್ಲ! ಆದರೂ ಚೀನಾದಲ್ಲಿ ಬೆಳೆದವರು ಅದನ್ನು ಸರಾಗವಾಗಿ ‘ಬಾಯಿ’ ಎಂದು ಓದುತ್ತಾರೆ, ಯಾಕೆಂದರೆ ಬರೆದವನ ಕೈ ಹೋದ ದಾರಿಯಲ್ಲೇ ತಮ್ಮ ಕೈಯೂ ಹೋಗಿ ಬಂದಿದೆ. ಚೌಕವನ್ನು ತಳದಿಂದ ಶುರುಮಾಡಿ ವೇಗವಾಗಿ ಬರೆದವನ ಅಕ್ಷರ ಬೇರೆಯದೇ ಗೀಚಾಗುತ್ತದೆ, ಅದನ್ನು ಓದಲು ಅವನೇ ಬರಬೇಕು.

ಕೈಬರಹದ ಈ ಓಟ ಮುಂದೆ ಅಚ್ಚಿನ ಅಕ್ಷರವನ್ನೂ ಬದಲಿಸಿತು. ಚೀನಾ ಸರ್ಕಾರ 1956ರಲ್ಲಿ ಸರಳ ಅಕ್ಷರಗಳ ಯೋಜನೆ ತಂದಾಗ ಎಷ್ಟೋ ಹೊಸ ರೂಪಗಳನ್ನು ಹಳೆಯ ಓಟಬರಹದಿಂದಲೇ ಆರಿಸಿಕೊಂಡಿತು. ‘ಗಾಡಿ’ ಏಳು ಗೀಟಿನಿಂದ ನಾಲ್ಕಕ್ಕೆ ಇಳಿಯಿತು, ‘ಪುಸ್ತಕ’ ಹತ್ತರಿಂದ ನಾಲ್ಕಕ್ಕೆ. ಕಚೇರಿಯಲ್ಲಿ ಕೂತ ಯಾರೋ ಕಲ್ಪಿಸಿದ ಆಕಾರಗಳಲ್ಲ ಇವು, ಶತಮಾನಗಳ ಅವಸರದ ಕೈಗಳು ಸವೆಸಿದ ರೂಪಗಳು.

ಕುಂಚದ ಮಾತು ಬಂದಾಗ ವಾಂಗ್ ಶೀಜಿಯ ಹೆಸರು ಬಿಟ್ಟರೆ ಚೀನೀಯರು ಕ್ಷಮಿಸುವುದಿಲ್ಲ. ಕ್ರಿ.ಶ. 353ರಲ್ಲಿ, ಇಂದಿನ ಶಾವೊಶಿಂಗ್ ಊರಿನ ಬಳಿ ಗೆಳೆಯರ ಕೂಟವೊಂದರಲ್ಲಿ ಆತ ಬರೆದ ಲಾನ್‌ಟಿಂಗ್ ಮುನ್ನುಡಿ ಚೀನೀ ಕೈಬರಹದ ಮೇರುಕೃತಿ ಎನಿಸಿದೆ. ಮೂಲಪ್ರತಿ ಉಳಿದಿಲ್ಲ, ಈಗಿರುವುದು ತಾಂಗ್ ಕಾಲದವರು ಮಾಡಿದ ನಕಲು. ಅದರ ಮೊದಲ ಅಕ್ಷರ ‘ಯೊಂಗ್’, ಎಂದರೆ ಶಾಶ್ವತ. ಈಗಿನ ಎಣಿಕೆಯಲ್ಲಿ ಅದಕ್ಕೆ ಐದೇ ಗೀಟು. ಆದರೆ ಚುಕ್ಕಿ, ಅಡ್ಡ, ಉದ್ದ, ಕೊಕ್ಕೆ, ಮೇಲಕ್ಕೆ ಚಿಮ್ಮುವ ಗೀಟು, ಎಡಕ್ಕೆ ಇಳಿಯುವ ಉದ್ದದ ಓರೆ, ಗಿಡ್ಡ ಓರೆ, ಬಲಕ್ಕೆ ಇಳಿಯುವ ಓರೆ ಹೀಗೆ ಕುಂಚದ ಎಂಟು ಚಲನೆಗಳೂ ಆ ಒಂದು ಅಕ್ಷರದಲ್ಲಿ ಸಿಗುತ್ತವೆ. ಅದಕ್ಕೇ ಕುಂಚ ಕಲಿಯುವವರು ಇಂದಿಗೂ ಹಾಳೆಗಟ್ಟಲೆ ‘ಯೊಂಗ್’ ಬರೆಯುತ್ತಾರೆ.

ಇನ್ನು ಎಣಿಕೆಯ ವಿಚಾರ. ಸರದಿ ಕಲಿತವರಿಗೆ ಗೀಟಿನ ಸಂಖ್ಯೆ ತಾನಾಗಿ ಗೊತ್ತಾಗುತ್ತದೆ, ಮತ್ತು ಆ ಸಂಖ್ಯೆ ಚೀನಾದಲ್ಲಿ ನಮ್ಮ ಅಕಾರಾದಿಯ ಕೆಲಸ ಮಾಡುತ್ತದೆ. ಅ ಆದ ಮೇಲೆ ಆ, ಕ ಆದ ಮೇಲೆ ಖ ಎಂಬ ಕ್ರಮವಿಲ್ಲದ ಸಾವಿರಾರು ಅಕ್ಷರಗಳನ್ನು ಜೋಡಿಸುವುದು ಹೇಗೆ? 1716ರಲ್ಲಿ ಪೂರ್ತಿಯಾದ ಕಾಂಗ್‌ಶಿ ನಿಘಂಟಿನಲ್ಲಿ 47,000ಕ್ಕೂ ಮೀರಿದ ಅಕ್ಷರಗಳಿವೆ. ಅವನ್ನು 214 ಮೂಲಭಾಗಗಳ ಅಡಿಯಲ್ಲಿ ಹಂಚಿ, ಪ್ರತಿ ಗುಂಪಿನೊಳಗೆ ಉಳಿದ ಗೀಟುಗಳ ಸಂಖ್ಯೆಯ ಪ್ರಕಾರ ಜೋಡಿಸಲಾಗಿದೆ. ‘ಬಾಯಿ’ ಮೂರು ಗೀಟಿನ ಮೂಲಭಾಗ. ನಮ್ಮ ಹಾಗೆ ನಾಲ್ಕು ಗೆರೆ ಎಳೆದು ನಾಲ್ಕೆಂದು ಎಣಿಸಿದವರು ತಪ್ಪು ಪುಟದಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ.

ಇದರ ಅತಿ ದೊಡ್ಡ ಸಾರ್ವಜನಿಕ ಪ್ರದರ್ಶನ ನಡೆದದ್ದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ. ಉದ್ಘಾಟನೆಯ ದಿನ ತಂಡಗಳು ಸಾಲಾಗಿ ಬಂದ ಕ್ರಮ ನೋಡಿ ಟಿವಿ ಮುಂದಿದ್ದ ಜಗತ್ತು ತಲೆ ಕೆರೆದುಕೊಂಡಿತು. ಪದ್ಧತಿಯಂತೆ ಗ್ರೀಸ್ ಮೊದಲು, ಆತಿಥೇಯ ಚೀನಾ ಕೊನೆಗೆ, ಸರಿ. ಆದರೆ ಗ್ರೀಸ್ ಹಿಂದೆಯೇ ಗಿನಿ! ಯಾವಾಗಲೂ ಮುಂದಿರುವ ಆಸ್ಟ್ರೇಲಿಯಾ ಕೊನೆಯಿಂದ ಮೂರನೆಯದು! ಗುಟ್ಟು ಇಷ್ಟೇ: ದೇಶಗಳ ಚೀನೀ ಹೆಸರಿನ ಮೊದಲ ಅಕ್ಷರದ ಗೀಟುಗಳನ್ನು ಎಣಿಸಿ ಸಾಲು ಮಾಡಿದ್ದರು. ಗಿನಿಯ ಮೊದಲ ಅಕ್ಷರಕ್ಕೆ ಎರಡೇ ಗೀಟು, ಆಸ್ಟ್ರೇಲಿಯಾದ್ದಕ್ಕೆ ಹದಿನೈದು. ಭಾರತದ ಮೊದಲ ಅಕ್ಷರಕ್ಕೆ ಐದು ಗೀಟು, ಹಾಗಾಗಿ ಧ್ವಜ ಹಿಡಿದ ರಾಜ್ಯವರ್ಧನ ಸಿಂಗ್ ರಾಠೋಡ್ ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ.

ಗೀಟಿನ ಸಂಖ್ಯೆ ಸಮವಾದರೆ? ಅಲ್ಲಿ ಬರುತ್ತದೆ ಸರದಿಯ ಆಟ. ಚೀನಾದಲ್ಲಿ ಗೀಟುಗಳನ್ನು ಐದು ಜಾತಿ ಮಾಡಿ ಅವಕ್ಕೆ ಒಂದು ಕ್ರಮ ಕೊಟ್ಟಿದ್ದಾರೆ: ಅಡ್ಡ, ಉದ್ದ, ಎಡಕ್ಕೆ ಓರೆ, ಚುಕ್ಕಿ, ತಿರುವು. ಅಂದು ಟರ್ಕಿ, ಯೆಮನ್, ಮಾಲ್ಡೀವ್ಸ್ ಮೂರರ ಮೊದಲ ಅಕ್ಷರಕ್ಕೂ ಮೂರು ಮೂರು ಗೀಟು. ಟರ್ಕಿಯದು ಅಡ್ಡಗೀಟಿನಿಂದ ಶುರುವಾಗುತ್ತದೆ, ಆದ್ದರಿಂದ ಅದು ಮುಂದೆ. ಯೆಮನ್ ಮತ್ತು ಮಾಲ್ಡೀವ್ಸ್ ಎರಡೂ ತಿರುವಿನಿಂದ ಶುರು, ಇನ್ನೂ ಸಮ. ಎರಡನೆಯ ಗೀಟು ನೋಡಬೇಕು: ಯೆಮನ್‌ನದು ಉದ್ದಗೀಟು, ಮಾಲ್ಡೀವ್ಸ್‌ನದು ಮತ್ತೆ ತಿರುವು. ಯೆಮನ್ ಮುಂದೆ ನಡೆಯಿತು. ಒಂದು ಅಕ್ಷರದ ಎರಡನೆಯ ಗೀಟು ಯಾವುದೆಂಬುದು ತೊಂಬತ್ತು ಸಾವಿರ ಜನರ ಕ್ರೀಡಾಂಗಣದಲ್ಲಿ ಎರಡು ದೇಶಗಳ ಹಿಂದುಮುಂದನ್ನು ತೀರ್ಮಾನಿಸಿತು. ಚೀನಾದಲ್ಲಿ ಸಮಿತಿಗಳ ಸದಸ್ಯರ ಪಟ್ಟಿ, ಪುಸ್ತಕದ ಲೇಖಕರ ಪಟ್ಟಿ ಇತ್ಯಾದಿಗಳನ್ನು ‘ಮನೆತನದ ಹೆಸರಿನ ಗೀಟುಗಳ ಕ್ರಮದಲ್ಲಿ’ ಎಂದು ಅಡಿಟಿಪ್ಪಣಿ ಹಾಕಿ ಪ್ರಕಟಿಸುವುದುಂಟು. ಯಾರು ದೊಡ್ಡವರು ಎಂಬ ಜಗಳ ತಪ್ಪಿಸಲು ಒಳ್ಳೆಯ ಉಪಾಯ.

ಇದಕ್ಕಿಂತಲೂ ನನಗೆ ಇಷ್ಟವಾದ ಉದಾಹರಣೆ ಲೆಕ್ಕ ಹಾಕುವುದರಲ್ಲಿದೆ. ಮತ ಎಣಿಸುವಾಗ ನಾವು ನಾಲ್ಕು ನಿಂತ ಗೆರೆ ಹಾಕಿ ಐದನೆಯದನ್ನು ಅಡ್ಡಲಾಗಿ ಎಳೆಯುತ್ತೇವೆ. ಚೀನಾದ ಶಾಲೆಯಲ್ಲಿ ಕ್ಲಾಸ್ ಲೀಡರ್ ಚುನಾವಣೆ ನಡೆದರೆ ಕಪ್ಪುಹಲಗೆಯ ಮೇಲೆ ‘ಸರಿ’ ಎಂಬರ್ಥದ ಐದು ಗೀಟಿನ ಅಕ್ಷರವೊಂದನ್ನು ಮತಕ್ಕೊಂದು ಗೀಟಿನಂತೆ ಬೆಳೆಸುತ್ತ ಹೋಗುತ್ತಾರೆ: ಮೇಲಿನ ಅಡ್ಡ, ನಡುವಿನ ಉದ್ದ, ಬಲಕ್ಕೆ ಗಿಡ್ಡ ಅಡ್ಡ, ಎಡಕ್ಕೆ ಗಿಡ್ಡ ಉದ್ದ, ತಳದ ಅಡ್ಡ. ಜಪಾನ್, ಕೊರಿಯಾಗಳಲ್ಲೂ ಇದೇ ರೂಢಿ. ಅರ್ಧಕ್ಕೆ ನಿಂತ ಅಕ್ಷರ ನೋಡಿದ ಕೂಡಲೇ ಎರಡೋ ಮೂರೋ ನಾಲ್ಕೋ ಎಂದು ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ, ಎಣಿಸುವ ಗೋಜೇ ಇಲ್ಲ. ಎಲ್ಲರೂ ಒಂದೇ ಸರದಿಯಲ್ಲಿ ಕಲಿತಿದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ.

ಮೊಬೈಲ್ ಬಂದ ಮೇಲೆ ಇದೆಲ್ಲ ಮುಗಿಯಿತೆಂದುಕೊಂಡರೆ ಅದು ಅರ್ಧ ಮಾತ್ರ ನಿಜ. ಬಹಳ ಜನ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಒತ್ತಿ, ತೆರೆಯ ಮೇಲೆ ಬಂದ ಅಕ್ಷರಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಆದರೆ ಮ್ಯಾಂಡರಿನ್ ಉಚ್ಚಾರ ಗಟ್ಟಿಯಿಲ್ಲದ ಹಿರಿಯರು, ಹಾಂಗ್‌ಕಾಂಗ್‌ನ ಕ್ಯಾಂಟೊನೀಸ್ ಮಾತಾಡುವವರು ಬಳಸುವ ಇನ್ನೊಂದು ಕೀಲಿಮಣೆಯಿದೆ. ಅದರಲ್ಲಿ ಮೇಲೆ ಹೇಳಿದ ಐದು ಜಾತಿಗೆ ಐದೇ ಕೀಲಿ. ಅಡ್ಡ, ಉದ್ದ ಎಂದು ಒತ್ತಿದರೆ ‘ಹತ್ತು’. ಉದ್ದ, ಅಡ್ಡ ಎಂದರೆ ಬೇರೇನೋ. ಐಫೋನ್‌ನಲ್ಲೂ ಇದು ಸಿಗುತ್ತದೆ. ಬೆರಳಿನಿಂದ ತೆರೆಯ ಮೇಲೆ ಗೀಚಿದ್ದನ್ನು ಗುರುತಿಸುವ ಈಗಿನ ತಂತ್ರಾಂಶಗಳು ಮಾತ್ರ ಸರದಿ ತಪ್ಪಿದರೂ ಬಹಳಷ್ಟು ಸಲ ಹೊಂದಿಸಿಕೊಳ್ಳುತ್ತವೆ.

ಹಾಗಾದರೆ ‘ಸರಿಯಾದ’ ಸರದಿ ಯಾವುದು? ಇಲ್ಲಿ ಕಲಿಯುವವರಿಗೆ ಒಂದು ನೆಮ್ಮದಿಯ ಸುದ್ದಿಯಿದೆ. ಅದು ಊರಿಗೊಂದು. ಮೂರು ಅಡ್ಡಗೀಟುಗಳನ್ನು ಒಂದು ಉದ್ದಗೀಟು ಪೋಣಿಸಿದರೆ ‘ರಾಜ’. ಚೀನಾದಲ್ಲಿ ಎರಡು ಅಡ್ಡ, ಆಮೇಲೆ ಉದ್ದ, ಕೊನೆಗೆ ಮೂರನೆಯ ಅಡ್ಡ. ಜಪಾನಿನಲ್ಲಿ ಒಂದು ಅಡ್ಡ ಎಳೆದ ಕೂಡಲೇ ಉದ್ದ, ಉಳಿದೆರಡು ಅಡ್ಡ ಆಮೇಲೆ. ಹಳೆಯ ಚೀನೀ ಕುಂಚಗಾರರ ಓಟಬರಹದಲ್ಲೇ ಈ ಜಪಾನೀ ಸರದಿ ಕಾಣಸಿಗುತ್ತದೆ ಎಂಬುದು ಬೇರೆ ಮಾತು. ಪೆಟ್ಟಿಗೆಯೊಳಗೆ ಕೂಡುವ ಚಿಹ್ನೆಯಿಟ್ಟಂತಿರುವ ‘ಹೊಲ’ದಲ್ಲಿ ಚೀನಾದವರು ಒಳಗಿನ ಅಡ್ಡ ಮೊದಲು ಎಳೆದರೆ ಜಪಾನಿನವರು ಉದ್ದ ಮೊದಲು ಎಳೆಯುತ್ತಾರೆ. ಇನ್ನೂ ಸೊಗಸಾದದ್ದು ‘ಎಡ’ ಮತ್ತು ‘ಬಲ’. ಎರಡರ ಮೇಲ್ಭಾಗವೂ ಒಂದೇ, ಚೀನಾದಲ್ಲಿ ಎರಡನ್ನೂ ಅಡ್ಡಗೀಟಿನಿಂದ ಶುರುಮಾಡುತ್ತಾರೆ. ಜಪಾನೀ ಮಗು ‘ಎಡ’ಕ್ಕೆ ಅಡ್ಡ ಮೊದಲು, ‘ಬಲ’ಕ್ಕೆ ಓರೆ ಮೊದಲು ಎಂದು ಬೇರೆಬೇರೆಯಾಗಿ ಕಲಿಯುತ್ತದೆ.

ಜಪಾನಿನ ಶಿಕ್ಷಣ ಸಚಿವಾಲಯ 1958ರಲ್ಲಿ 881 ಅಕ್ಷರಗಳಿಗೆ ಸರದಿಯ ಕೈಪಿಡಿ ತಂದಾಗ ಒಂದು ಜಾಣ ಮಾತು ಸೇರಿಸಿತ್ತು: ಇಲ್ಲಿ ಕೊಟ್ಟದ್ದು ಬೋಧನೆಯಲ್ಲಿ ಗೊಂದಲವಾಗದಿರಲೆಂದು, ರೂಢಿಯಲ್ಲಿರುವ ಬೇರೆ ಸರದಿಗಳನ್ನು ತಳ್ಳಿಹಾಕುವ ಉದ್ದೇಶವಿಲ್ಲ. ತೈವಾನ್ 1996ರಲ್ಲಿ 4,808 ಅಕ್ಷರಗಳಿಗೆ ತನ್ನ ಕೈಪಿಡಿ ಪ್ರಕಟಿಸಿತು. ಚೀನಾ 1997ರಲ್ಲಿ 7,000 ಅಕ್ಷರಗಳಿಗೆ ಸರದಿ ನಿಗದಿ ಮಾಡಿ, 2021ರ ಮಾರ್ಚ್ 1ರಿಂದ 8,105 ಅಕ್ಷರಗಳ ಹೊಸ ಮಾನದಂಡ ಜಾರಿಗೆ ತಂದಿದೆ.

ಮಾನದಂಡ ಇರುವುದು ತಪ್ಪಲ್ಲ. ನಿಘಂಟಿಗೂ ಕೀಲಿಮಣೆಗೂ ಅದು ಬೇಕೇ ಬೇಕು. ತಪ್ಪಾಗುವುದು ಅದನ್ನು ಮಕ್ಕಳ ಪ್ರಶ್ನೆಪತ್ರಿಕೆಗೆ ತಂದಾಗ. ‘ಇಂಥ ಅಕ್ಷರದ ನಾಲ್ಕನೆಯ ಗೀಟು ಯಾವುದು?’ ಎಂಬ ಮಾದರಿಯ ಪ್ರಶ್ನೆಗಳು ಚೀನಾದ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯ. ಸೊಗಸಾಗಿ, ವೇಗವಾಗಿ ಬರೆಯಬಲ್ಲ ದೊಡ್ಡವರೇ ಇವಕ್ಕೆ ತಡವರಿಸುತ್ತಾರೆ, ಯಾಕೆಂದರೆ ಅವರಿಗೆ ಗೊತ್ತಿರುವುದು ಬೆರಳಿಗೆ, ಬಾಯಿಗಲ್ಲ. ಚೀನೀ ಲೇಖಕ ಲೂ ಶುನ್‌ನ 1919ರ ಕಥೆಯೊಂದರ ನಾಯಕ ಕುಂಗ್ ಈಜಿ ನೆನಪಾಗುತ್ತಾನೆ. ಪರೀಕ್ಷೆ ಪಾಸಾಗದ ಬಡಪಂಡಿತ; ಹೆಂಡದಂಗಡಿಯ ಹುಡುಗನೆದುರು ಒಂದೇ ಅಕ್ಷರವನ್ನು ನಾಲ್ಕು ಬಗೆಯಲ್ಲಿ ಬರೆಯಬಹುದೆಂದು ಹೆಚ್ಚುಗಾರಿಕೆ ತೋರಿಸಹೊರಟವನು. ಅವನ ಅಡ್ಡಹೆಸರು ಬಂದದ್ದೂ ಮಕ್ಕಳು ಕೆಂಪು ಅಕ್ಷರಗಳ ಮೇಲೆ ಕಪ್ಪು ಮಸಿಯಿಂದ ತಿದ್ದುತ್ತಿದ್ದ ಹಳೆಯ ಕಾಪಿ ಪುಸ್ತಕದಿಂದಲೇ.

ತಿದ್ದುವುದು ಎಂದರೆ ನಮಗೆ ವಿವರಿಸಬೇಕಿಲ್ಲ. ಅಲ್ಲಿಯೂ ಮಕ್ಕಳು ಹಾಗೆಯೇ ಶುರುಮಾಡುತ್ತಾರೆ, ಜೊತೆಗೆ ನಾಲ್ಕು ಮನೆ ಮಾಡಿದ ಚೌಕಗಳ ಪುಸ್ತಕವಿರುತ್ತದೆ. ಇಡೀ ತರಗತಿ ಬೆರಳೆತ್ತಿ ‘ಹೆಂಗ್, ಶೂ, ಪಿಯೆ, ನಾ’ ಎಂದು ಗೀಟಿನ ಹೆಸರು ಕೂಗುತ್ತ ಗಾಳಿಯಲ್ಲಿ ಬರೆಯುವ ಅಭ್ಯಾಸವೂ ಇದೆ. ಆರನೇ ತರಗತಿ ಮುಗಿಯುವ ಹೊತ್ತಿಗೆ ಸುಮಾರು 3,000 ಅಕ್ಷರ ಗುರುತಿಸಬೇಕು, 2,500 ಬರೆಯಲು ಬರಬೇಕು. ಈ ಕೈಕೆಲಸ ಓದಿಗೂ ನೆರವಾಗುತ್ತದೆಯೇ? ತಾನ್ ಲೀಹಾಯ್ ಮತ್ತು ಸಂಗಡಿಗರು ಬೀಜಿಂಗ್‌ನ ಶಾಲಾಮಕ್ಕಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಚೀನೀ ಓದುವ ಸಾಮರ್ಥ್ಯಕ್ಕೂ ಕೈಬರಹದ ಸಾಮರ್ಥ್ಯಕ್ಕೂ ಬಲವಾದ ನಂಟಿದೆ ಎಂದಿತು. 2013ರಲ್ಲಿ ಅವರೇ, ರೋಮನ್ ಕೀಲಿಮಣೆಯನ್ನು ಹೆಚ್ಚು ಬಳಸುವ ಮಕ್ಕಳ ಓದು ಹಿಂದೆ ಬಿದ್ದಿರುವುದನ್ನು ಕಂಡರು. ನಂಟು ಎಂದರೆ ಕಾರಣವೆಂದಲ್ಲ. ಅವರು ಅಳೆದದ್ದು ಬರವಣಿಗೆಯನ್ನೇ ಹೊರತು ಸರದಿಯ ಶುದ್ಧಿಯನ್ನಲ್ಲ ಎಂಬುದನ್ನೂ ಮರೆಯಬಾರದು. ಕೈಯಿಂದ ಬರೆಯುವುದರಲ್ಲಿ ಲಾಭವಿದೆ ಎನ್ನಲು ಇದು ಸಾಕು. ಸರದಿ ತಪ್ಪಿದರೆ ಓದು ಕೆಡುತ್ತದೆ ಎನ್ನಲು ಸಾಲದು.

ಹೊಸದಾಗಿ ಕಲಿಯುವ ಕನ್ನಡಿಗರು ಇದನ್ನೆಲ್ಲ ಹೇಗೆ ತೆಗೆದುಕೊಳ್ಳಬೇಕು? ಎರಡು ಸಾವಿರ ಅಕ್ಷರಗಳಿಗೆ ಎರಡು ಸಾವಿರ ಸರದಿ ಬಾಯಿಪಾಠ ಮಾಡುವ ಭಯ ಬೇಡ. ಅಕ್ಷರಗಳೆಲ್ಲ ಕೆಲವು ನೂರು ಭಾಗಗಳ ಜೋಡಣೆ, ಒಂದು ಭಾಗದ ಸರದಿ ಎಲ್ಲಿ ಬಂದರೂ ಹೆಚ್ಚುಕಡಿಮೆ ಅದೇ. ಮೊದಲ ಇನ್ನೂರು ಮುನ್ನೂರು ಅಕ್ಷರಗಳಲ್ಲಿ ಹಟ ಹಿಡಿದು ಸರಿಯಾಗಿ ಬರೆದರೆ ಮುಂದಿನವನ್ನು ಕೈಯೇ ಊಹಿಸುತ್ತದೆ. ತಡವಾಗಿ ತಿದ್ದಿಕೊಳ್ಳುವುದು ಕಷ್ಟ, ಆದ್ದರಿಂದ ಹಟವನ್ನು ಮೊದಲ ತಿಂಗಳುಗಳಲ್ಲೇ ಖರ್ಚು ಮಾಡಬೇಕು. ಜಪಾನೀ ಕಲಿಯುವವರು ಜಪಾನಿನ ಸರದಿಯನ್ನು, ಮ್ಯಾಂಡರಿನ್ ಕಲಿಯುವವರು ತಮ್ಮ ಪಠ್ಯಪುಸ್ತಕ ಬಂದ ಊರಿನದನ್ನು ಹಿಡಿದುಕೊಂಡರಾಯಿತು. ಎರಡನ್ನೂ ಕಲಸಿದರೆ ಮಾತ್ರ ಪೇಚು. ಎಡಗೈಯವರಿಗೆ ಅಡ್ಡಗೀಟು ಎಳೆಯುವ ಬದಲು ತಳ್ಳುವಂತಾಗುತ್ತದೆ, ಬಲಗೈಗೆಂದೇ ಹುಟ್ಟಿದ ರೂಢಿ ಅವರಿಗೆ ಅನ್ಯಾಯವೇ ಸರಿ. ಗೀಟಿನ ದಿಕ್ಕಿನಲ್ಲಿ ಅವರು ಸ್ವಲ್ಪ ಸಲಿಗೆ ತೆಗೆದುಕೊಂಡರೂ ಸರದಿ ಉಳಿಸಿಕೊಂಡರೆ ನಿಘಂಟಿನ ಎಣಿಕೆ ಕೆಡುವುದಿಲ್ಲ. ಅನುಮಾನ ಬಂದಾಗ ನೋಡಿಕೊಳ್ಳಲು ತೈವಾನ್ ಶಿಕ್ಷಣ ಸಚಿವಾಲಯದ ಜಾಲತಾಣದಲ್ಲಿ ಒಂದೊಂದೇ ಗೀಟು ಮೂಡುತ್ತ ಹೋಗುವ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅವು ತೈವಾನಿನ ಸರದಿಯವು, ಹಳೆಯ ಪೂರ್ಣರೂಪದ ಅಕ್ಷರಗಳವು ಎಂಬುದಷ್ಟು ನೆನಪಿದ್ದರೆ ಆಯಿತು.